ಬ್ರೇಕ್ ಫೇಲ್ ಆಗಿರಲಿಲ್ಲ

ಕಳೆದ ಆಯುಧ ಪೂಜೆಯ ಹಿಂದಿನ ದಿನ ನಾವು ನಾಲ್ವರೂ ಸೇರಿ ನಮ್ಮ ಓಮ್ನಿ ತೊಳೆದೆವು. ಓದು ಮುಗಿಸಿದ ಮೇಲೆ ಕೈಯಲ್ಲಿದ್ದದ್ದು, ಸಾಲ ಮಾಡಿದ್ದು ಎಲ್ಲ ಒಟ್ಟು ಹಾಕಿ ತಗೊಂಡ ಹಳೇ ಗಾಡಿ ಅದು. ಹಳ್ಳಿ ಹಳ್ಳಿ ಸುತ್ತಿ ಸುದ್ದಿ ಬರೆಯೋಕೆ ಬೈಕು ಸಾಲದು, ಮಳೆ ಬಂದರೆ ಕ್ಯಾಮೆರಾ ನೆನೆಯುತ್ತೆ ಅಂತ ತಗೊಂಡಿದ್ದೆವು. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದು, 2019ರಲ್ಲಿ ತಯಾರಿಕೆ ನಿಂತ ಗಾಡಿ. ಆದರೂ ನಮ್ಮ ತಿಪಟೂರು ಸೀಮೆಯಲ್ಲಿ ಇವತ್ತಿಗೂ ಕೊಬ್ಬರಿ ಮೂಟೆಯಿಂದ ಹಿಡಿದು ಮದುವೆ ದಿಬ್ಬಣದವರೆಗೆ ಎಲ್ಲದಕ್ಕೂ ಓಮ್ನಿಯೇ ಆಗಬೇಕು.

ತೊಳೆದದ್ದು ಸರಿ. ತೊಳೆದ ಮೇಲೆ ಮಾಡಿದ ಕೆಲಸದಲ್ಲಿ ಎಡವಿದೆವು. ಪೇಟೆಯಿಂದ ಒಂದು ಬಾಟಲಿ ಪಾಲಿಶ್ ತಂದಿದ್ದೆವು. ಹಾಲಿನ ಬಣ್ಣ, ನಿಂಬೆಹಣ್ಣಿನ ವಾಸನೆ. ಡ್ಯಾಶ್‌ಬೋರ್ಡಿಗೆ ಹಚ್ಚಿದರೆ ಹೊಸದರ ಹಾಗೆ ಹೊಳೆಯಿತು. ಟೈರಿನ ಪಕ್ಕಕ್ಕೆ ಹಚ್ಚಿದೆವು, ಕಪ್ಪಗೆ ಮಿಂಚಿತು. ಬಾಟಲಿಯಲ್ಲಿ ಇನ್ನೂ ಉಳಿದಿತ್ತು. ಕೆಳಗೆ ನೋಡಿದರೆ ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಮೂರೂ ಬೂದಿ ಬಣ್ಣಕ್ಕೆ ತಿರುಗಿ, ಗೀರುಗಳಲ್ಲಿ ಕೆಮ್ಮಣ್ಣು ಮೆತ್ತಿಕೊಂಡು ಕೂತಿದ್ದವು. ನಾಳೆ ಅರಿಶಿನ ಕುಂಕುಮ ಇಡೋ ಜಾಗ, ಹೀಗಿರಬಾರದು ಅನಿಸಿತು. ಪೈಪ್ ಹಿಡಿದು ನೀರು ಬಿಟ್ಟು, ಒರೆಸಿ, ಮೂರಕ್ಕೂ ಪಾಲಿಶ್ ಹಚ್ಚಿದೆವು. ಫೋಟೋ ತೆಗೆದು ಸ್ಟೇಟಸ್‌ಗೂ ಹಾಕಿಕೊಂಡೆವು.

ಪೂಜೆ ಚೆನ್ನಾಗಿಯೇ ಆಯಿತು. ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಹತ್ತು ಮಾರು ಓಡಿಸಿ ನಿಲ್ಲಿಸಿದ್ದೆವು. ಹತ್ತು ಮಾರಿಗೆ ಏನೂ ಗೊತ್ತಾಗಲ್ಲ.

ಮಾರನೇ ದಿನ ಬೆಳಗ್ಗೆ ಕೆರೆ ಏರಿ ಮೇಲಿಂದ ಊರೊಳಕ್ಕೆ ಇಳಿಯುತ್ತಿದ್ದೆವು. ನಮ್ಮ ಊರಿನ ಏರಿ ನೋಡಿದವರಿಗೆ ಗೊತ್ತು, ತೂಬಿನ ಹತ್ತಿರ ರಸ್ತೆ ಒಂದೇ ಸಲ ಕೆಳಗೆ ಬೀಳುತ್ತೆ, ಬಿದ್ದ ಕೂಡಲೇ ಎಡಕ್ಕೆ ತಿರುವು. ತಿರುವಿನಲ್ಲಿ ಒಬ್ಬ ಅಜ್ಜಿ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ರಸ್ತೆ ದಾಟುತ್ತಿದ್ದರು. ಹೊರೆ ಹೊತ್ತವರಿಗೆ ಅಕ್ಕಪಕ್ಕ ಕಾಣಲ್ಲ. ನಮ್ಮ ವೇಗ ಹೆಚ್ಚೇನಿರಲಿಲ್ಲ, 30 ಇದ್ದಿರಬಹುದು. ಓಡಿಸುತ್ತಿದ್ದವನು ಬ್ರೇಕ್ ಮೇಲೆ ಕಾಲಿಟ್ಟು ಒತ್ತಿದ. ಏರಿ ಮೇಲೆ ಇಳಿದು ಫೋಟೋ ತೆಗೆದಿದ್ದೆವು, ಇಬ್ಬನಿ ಹುಲ್ಲಿನಲ್ಲಿ ಚಪ್ಪಲಿ ನೆನೆದಿತ್ತು. ಒತ್ತಿದ ಕಾಲು ಸರಕ್ಕನೆ ಬಲಕ್ಕೆ ಜಾರಿ ಆಕ್ಸಿಲರೇಟರ್ ಅಂಚಿಗೆ ತಾಗಿತು. ಗಾಡಿ ಗುರ್ ಅಂದು ಮುಂದಕ್ಕೆ ನುಗ್ಗಿತು.

30 ಕಿಲೋಮೀಟರ್ ವೇಗ ಅಂದರೆ ಒಂದು ಸೆಕೆಂಡಿಗೆ 8 ಮೀಟರ್. ಆ ಒಂದು ಸೆಕೆಂಡು ನಮ್ಮ ಕೈಲಿರಲಿಲ್ಲ. ಅವನು ಹಿಮ್ಮಡಿ ಊರಿ ಮತ್ತೆ ಒತ್ತಿದ, ಪಕ್ಕದಲ್ಲಿದ್ದವಳು ಹ್ಯಾಂಡ್ ಬ್ರೇಕ್ ಎಳೆದಳು. ಓಮ್ನಿಗೆ ಮೂತಿ ಇಲ್ಲ, ಗಾಜಿನ ಆಚೆಗೇ ರಸ್ತೆ. ಗಾಡಿ ನಿಂತಾಗ ಗಾಜಿನ ತುಂಬ ಹುಲ್ಲೇ ಕಾಣುತ್ತಿತ್ತು.

ಅಜ್ಜಿ ಹೊರೆ ಕೆಳಗೆ ಹಾಕಿ ತಿರುಗಿ ನೋಡಿದರು. "ಏನ್ರಪ್ಪಾ, ನೆನ್ನೆ ಪೂಜೆ ಮಾಡಿದ್ರಿ, ಇವತ್ತು ಹುಲ್ಲು ಮೇಯಕ್ಕೆ ಬಿಟ್ರಾ?" ಅಂದರು. ನಾವು ನಗಲಿಲ್ಲ. ಅವರೂ ನಗಲಿಲ್ಲ. ಹಾಗೇ ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತರು, ಕೈ ನಡುಗುತ್ತಿತ್ತು. ನೀರು ಕೊಟ್ಟೆವು, ಹೊರೆ ಅವರ ಮನೆ ತನಕ ತಲುಪಿಸಿದೆವು. ಅಷ್ಟರಲ್ಲಿ ನಾಲ್ಕು ಜನ ಸೇರಿದ್ದರು. ಏನಾಯ್ತು ಅಂತ ಕೇಳಿದವರಿಗೆಲ್ಲ ನಾವು ಹೇಳಿದ್ದು ಒಂದೇ ಮಾತು, "ಬ್ರೇಕ್ ಫೇಲ್ ಆಗೋಯ್ತು."

ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಬಾಯಿಗೆ ಬಂದದ್ದೇ ಅದು. ಊರಿನವರೂ ಒಪ್ಪಿಕೊಂಡರು. ಹಳೇ ಗಾಡಿ, ಏನ್ಮಾಡ್ತೀರ ಅಂದರು ಕೆಲವರು. ಕುಂಬಳಕಾಯಿ ಸರಿಯಾಗಿ ಒಡೆದಿಲ್ಲ, ದೃಷ್ಟಿ ಆಗಿದೆ ಅಂದರು ನಮ್ಮಲ್ಲೊಬ್ಬನ ಅಮ್ಮ. ಎರಡೂ ನಮಗೆ ಅನುಕೂಲವಾಗಿಯೇ ಇದ್ದವು.

ಗಾಡಿಯನ್ನು ಮೊದಲ ಗೇರಿನಲ್ಲಿ, ಹ್ಯಾಂಡ್ ಬ್ರೇಕ್ ಮೇಲೆ ಒಂದು ಕೈ ಇಟ್ಟುಕೊಂಡೇ ಗ್ಯಾರೇಜಿಗೆ ತಂದೆವು. ಬ್ರೇಕ್ ಕೆಟ್ಟಿದೆ ಅನ್ನೋ ಅನುಮಾನ ಇರುವ ಗಾಡಿಯನ್ನು ಓಡಿಸಬಾರದು, ಮೆಕ್ಯಾನಿಕ್ಕನ್ನೇ ಕರೆಸಬೇಕಿತ್ತು. ಅದಕ್ಕೂ ಬೈಸಿಕೊಂಡೆವು. ಗ್ಯಾರೇಜಿನ ಅಣ್ಣ ಒಳಗೆ ಕೂತು ಬ್ರೇಕ್ ಒತ್ತಿ ಹಿಡಿದರು. ಗಟ್ಟಿಯಾಗಿ ನಿಂತಿತು. ಎಣ್ಣೆ ಡಬ್ಬಿ ನೋಡಿದರು, ಮಟ್ಟ ಸರಿಯಿತ್ತು. ಚಕ್ರದ ಹತ್ತಿರ ಬಗ್ಗಿ ನೋಡಿದರು, ಸೋರಿಕೆ ಇಲ್ಲ. ಆಮೇಲೆ ಒಂದು ಪ್ರಶ್ನೆ ಕೇಳಿದರು.

"ನಿನ್ನ ಕಾಲು ಕೆಳಕ್ಕೆ ಹೋಯ್ತೋ, ಪಕ್ಕಕ್ಕೆ ಹೋಯ್ತೋ?"

ಪಕ್ಕಕ್ಕೆ ಅಂದ ಓಡಿಸಿದವನು.

"ಬ್ರೇಕ್ ಹೋದ್ರೆ ಪೆಡಲ್ಲೇ ಕೆಳಕ್ಕೆ ಹೋಗುತ್ತೆ ಕಣಪ್ಪ, ಕಾಲಿನ ಜೊತೆ. ಇಲ್ಲಾ ಅಂದ್ರೆ ಸ್ಪಂಜ್ ಒತ್ತಿದಂಗೆ ಆಗುತ್ತೆ. ಇಲ್ಲಾ ಕಲ್ಲಿನಂಗೆ ಬಿಗಿಯುತ್ತೆ. ಪಕ್ಕಕ್ಕೆ ಹೋಗಲ್ಲ." ಹಾಗಂತ ಹೆಬ್ಬೆರಳಿನಿಂದ ಬ್ರೇಕಿನ ರಬ್ಬರ್ ಒರೆಸಿ, ಬೆರಳನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಬೆರಳು ಮಿರಮಿರ ಮಿಂಚುತ್ತಿತ್ತು. "ಇದೇನು, ಬೆಣ್ಣೆ ಹಚ್ಚಿದ್ರಾ?"

ನಾವು ನಾಲ್ವರೂ ಪತ್ರಿಕೋದ್ಯಮ ಓದಿದವರು. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಅಂತ ಆರು ಪ್ರಶ್ನೆ ಕೇಳಬೇಕು ಅಂತ ಮೊದಲ ವಾರವೇ ಬಾಯಿಪಾಠ ಮಾಡಿದವರು. ಎಷ್ಟು ಅಪಘಾತದ ಸುದ್ದಿಯಲ್ಲಿ ನಾವೇ "ಬ್ರೇಕ್ ವಿಫಲಗೊಂಡು", "ಚಾಲಕನ ನಿಯಂತ್ರಣ ತಪ್ಪಿ" ಅಂತ ಟೈಪ್ ಮಾಡಿ ಕಳಿಸಿದ್ದೇವೋ ಲೆಕ್ಕವಿಲ್ಲ. ಒಂದು ಸಲವೂ ಕಾಲು ಕೆಳಕ್ಕೆ ಹೋಯ್ತಾ, ಪಕ್ಕಕ್ಕೆ ಹೋಯ್ತಾ ಅಂತ ಯಾರನ್ನೂ ಕೇಳಿರಲಿಲ್ಲ.

ಮನೆಗೆ ಬಂದು ಬಾಟಲಿ ತಿರುಗಿಸಿ ನೋಡಿದೆವು. ಹಿಂದುಗಡೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಬರೆದಿತ್ತು: ಪೆಡಲ್, ಸ್ಟೀರಿಂಗ್, ಸೀಟು, ನೆಲ, ಬೈಕಿನ ಸೀಟು, ಟೈರು ರಸ್ತೆಗೆ ತಾಗುವ ಭಾಗ, ಇವುಗಳಿಗೆ ಹಚ್ಚಬೇಡಿ. ಕನ್ನಡದಲ್ಲಿ ಒಂದಕ್ಷರ ಇರಲಿಲ್ಲ. ಅದು ನಮಗೆ ನೆಪ ಆಗಲಾರದು, ನಮಗೆ ಇಂಗ್ಲಿಷ್ ಓದೋಕೆ ಬರುತ್ತೆ. ಆದರೆ ನಮ್ಮ ಊರಲ್ಲಿ ಟ್ರ್ಯಾಕ್ಟರಿಗೂ ಟೆಂಪೋಗೂ ಇದೇ ಬಾಟಲಿ ತರುವ ಎಷ್ಟೋ ಜನಕ್ಕೆ ಬರಲ್ಲ.

ಇಂಥ ಹೊಳಪಿನ ದ್ರವಗಳಲ್ಲಿ ಬಹಳಷ್ಟಕ್ಕೆ ಸಿಲಿಕೋನ್ ಅನ್ನೋ ಎಣ್ಣೆಯಂಥ ವಸ್ತು ಸೇರಿಸಿರುತ್ತಾರೆ. ಅದು ರಬ್ಬರಿನ ಮೇಲೆ ತೆಳುವಾಗಿ ಪದರ ಕಟ್ಟುತ್ತೆ. ಮುಟ್ಟಿದರೆ ಒಣಗಿದ ಹಾಗೇ ಇರುತ್ತೆ, ಆದರೆ ಜಾರುತ್ತೆ. ಚಪ್ಪಲಿ ಒದ್ದೆಯಾಗಿದ್ದರಂತೂ ಕೇಳಲೇಬೇಡಿ. ಪಾಲಿಶ್ ಇಲ್ಲ ಅಂತ ಕೊಬ್ಬರಿ ಎಣ್ಣೆ ಹಚ್ಚುವವರೂ ಇದ್ದಾರೆ, ನಮ್ಮ ಸೀಮೆಯಲ್ಲಿ ಅದಕ್ಕೇನು ಬರ. ಅದೂ ಅಷ್ಟೇ. ಪೆಡಲಿನ ರಬ್ಬರ್ ಇರೋದೇ ಕಾಲನ್ನು ಹಿಡಿದುಕೊಳ್ಳೋಕೆ. ಹೊಳೆಯೋದು ಅದರ ಕೆಲಸ ಅಲ್ಲ.

ಈಗ ಹಚ್ಚಿದ್ದನ್ನು ತೆಗೆಯೋದು ಹೇಗೆ? ನಮ್ಮಲ್ಲೊಬ್ಬ ಬಟ್ಟೆಗೆ ಪೆಟ್ರೋಲ್ ಹಾಕಿ ಉಜ್ಜೋಣ, ಒಂದೇ ಏಟಿಗೆ ಹೋಗುತ್ತೆ ಅಂದ. ಫೋನ್ ಮಾಡಿ ಕೇಳಿದ್ದು ಒಳ್ಳೇದಾಯಿತು. ಗ್ಯಾರೇಜಿನ ಅಣ್ಣ ಫೋನಿನಲ್ಲೇ ಗದರಿದರು. ಪೆಟ್ರೋಲು, ಸೀಮೆಎಣ್ಣೆ, ತಿನ್ನರ್ ಎಲ್ಲ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ, ಆಮೇಲೆ ಅದು ಸೀಳು ಬಿಡುತ್ತೆ. ಅದಕ್ಕಿಂತ ಹೆಚ್ಚಾಗಿ, ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಗಾಡಿಯ ಒಳಗೆ ನೆಲದ ಮೇಲೇ ನಿಲ್ಲುತ್ತೆ. ಓಮ್ನಿಯಲ್ಲಿ ಎಂಜಿನ್ ಇರೋದೇ ಮುಂದಿನ ಸೀಟಿನ ಕೆಳಗೆ. ಒಂದು ಕಿಡಿ ಸಾಕು.

ಕೊನೆಗೆ ಬೇಕಾದದ್ದು ಒಂದು ಬಕೆಟ್ ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ನೀರು ಎರಡು ಚಮಚ, ಒಂದು ಹಿಡಿ ತೆಂಗಿನ ಗುಂಜು, ಹಳೇ ಹಲ್ಲುಜ್ಜುವ ಬ್ರಷ್ಷು, ಎರಡು ಒಣ ಬಟ್ಟೆ. ಎಲ್ಲ ಮನೆಯಲ್ಲೇ ಇತ್ತು.

ಶುರು ಮಾಡುವ ಮುಂಚೆ ಅಣ್ಣ ಹೇಳಿದ ಒಂದು ಮಾತು ಇಲ್ಲಿ ಹೇಳಲೇಬೇಕು. ಪೆಡಲ್ ತೊಳೆಯುವವರ ತಲೆ, ಎದೆ ಎಲ್ಲ ಗಾಡಿಯೊಳಗೆ ಇರುತ್ತೆ, ಕಾಲು ಹೊರಗೆ ಇರುತ್ತೆ. ಆಗ ಇನ್ನೊಬ್ಬರು ಬಂದು, ಸುಮ್ಮನೆ ಹಾಡು ಹಾಕೋಣ ಅಂತ ಕೀ ಸ್ವಲ್ಪ ಹೆಚ್ಚು ತಿರುಗಿಸಿದರೆ ಸಾಕು. ಗೇರಿನಲ್ಲಿರುವ ಹಳೇ ಗಾಡಿ ಧಡಕ್ಕನೆ ಮುಂದಕ್ಕೆ ನೆಗೆಯುತ್ತೆ. ಹಬ್ಬದ ದಿನ ಮನೆ ತುಂಬ ಮಕ್ಕಳಿರುತ್ತವೆ, ಹಾಡಂತೂ ಬೇಕೇ ಬೇಕು. ಅದಕ್ಕೇ ಕೀ ತೆಗೆದು ತೊಳೆಯುವವರ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಗಾಡಿ ಸಮತಟ್ಟು ನೆಲದಲ್ಲಿರಬೇಕು, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಎಂಜಿನ್ ಈಗ ತಾನೇ ಓಡಿಸಿ ನಿಲ್ಲಿಸಿದ್ದರೆ ಆರೋಕೆ ಬಿಡಬೇಕು.

ನಾವು ಪೈಪಿನಲ್ಲಿ ನೀರು ಬಿಟ್ಟದ್ದೂ ತಪ್ಪೇ. ಪೆಡಲಿನ ಕಡ್ಡಿ ಹಿಡಿದು ಮೇಲಕ್ಕೆ ಹೋದರೆ ಅಲ್ಲಿ ಬ್ರೇಕ್ ಲೈಟಿನ ಸ್ವಿಚ್ಚು, ವೈರುಗಳು ಇರುತ್ತವೆ. ನೀರು ಹೊಕ್ಕರೆ ಹಿಂದಿನ ದೀಪ ಕೈಕೊಡಬಹುದು, ಹಿಂದೆ ಬರುವ ಬೈಕಿನವನಿಗೆ ನಾವು ನಿಂತದ್ದೇ ಗೊತ್ತಾಗಲ್ಲ. ಕೆಳಗಿನ ಕಾರ್ಪೆಟ್ ನೆನೆದರೆ ವಾರ ಆದರೂ ಒಣಗಲ್ಲ, ಅದರ ಕೆಳಗೆ ತಗಡು ತುಕ್ಕು ಹಿಡಿಯುತ್ತೆ. ಬಟ್ಟೆ ಅದ್ದಿ ಹಿಂಡಿ, ಬ್ರಷ್ ಅದ್ದಿ ಕೊಡವಿ ಕೆಲಸ ಮಾಡಿದರೆ ಸಾಕು.

ಮೊದಲು ಕಡ್ಡಿಯಿಂದ ಗೀರುಗಳ ಮಣ್ಣು ಕೆದರಿದೆವು. ಆಮೇಲೆ ಗುಂಜಿಗೆ ಸೋಪಿನ ನೀರು ಹಾಕಿ ಉಜ್ಜಿ, ಸಾದಾ ನೀರಿನ ಬಟ್ಟೆಯಲ್ಲಿ ಒರೆಸಿದೆವು. ಒಂದು ಸಲ ಆಯಿತು, ಎಲ್ಲ ಹೋಯಿತು ಅಂದುಕೊಂಡೆವು. ಆಗ ಅಣ್ಣ ಹೇಳಿಕೊಟ್ಟಿದ್ದ ಪರೀಕ್ಷೆ ಮಾಡಿದೆವು. ಬೆರಳಿನಿಂದ ನಾಲ್ಕು ಹನಿ ನೀರು ರಬ್ಬರ್ ಮೇಲೆ ಚಿಮುಕಿಸಿದೆವು. ಕೆಸುವಿನ ಎಲೆ ಮೇಲೆ ಬಿದ್ದ ಹಾಗೆ ಹನಿ ಗುಂಡಗೆ ನಿಂತು ಉರುಳಿ ಹೋಯಿತು. ಅಂದರೆ ಪಾಲಿಶ್ ಇನ್ನೂ ಅಲ್ಲೇ ಇದೆ. ಮತ್ತೆ ಸೋಪು, ಮತ್ತೆ ಗುಂಜು. ಮೂರನೇ ಸಲಕ್ಕೆ ಹನಿ ಅರ್ಧ ಹರಡಿತು. ನಾಲ್ಕನೇ ಸಲಕ್ಕೆ ಪೂರ್ತಿ ಹರಡಿ ರಬ್ಬರ್ ಒದ್ದೆಯಾಯಿತು. ಹಚ್ಚೋಕೆ ಎರಡು ನಿಮಿಷ, ತೆಗೆಯೋಕೆ ಮುಕ್ಕಾಲು ಗಂಟೆ.

ಸೋಪು ಉಳಿದರೂ ಜಾರುತ್ತೆ, ಅದಕ್ಕೆ ಸಾದಾ ನೀರಿನಲ್ಲಿ ಎರಡು ಸಲ ಒರೆಸಿ, ಒಣ ಬಟ್ಟೆಯಲ್ಲಿ ಒತ್ತಿ ಗಾಳಿಗೆ ಬಿಟ್ಟೆವು. ಓಡಿಸಿದವನ ಚಪ್ಪಲಿ ತಳಕ್ಕೂ ಪಾಲಿಶ್ ಮೆತ್ತಿತ್ತು, ಅದನ್ನೂ ತೊಳೆದೆವು. ಇಲ್ಲದಿದ್ದರೆ ಮೊದಲ ಸಲ ಕಾಲಿಟ್ಟಾಗಲೇ ಮತ್ತೆ ಹತ್ತುತ್ತಿತ್ತು. ಹವಾಯಿ ಚಪ್ಪಲಿಯಲ್ಲಿ ಗಾಡಿ ಓಡಿಸೋದನ್ನೂ ಅವತ್ತಿಂದ ಬಿಟ್ಟಿದ್ದೇವೆ. ಈಗ ಹಿಂದೆ ಬೆಲ್ಟ್ ಇರುವ ಸ್ಯಾಂಡಲ್.

ಕೊಳೆ ಹೋದ ಮೇಲೆ ಇನ್ನೊಂದು ಕಂಡಿತು. ಬ್ರೇಕಿನ ರಬ್ಬರ್ ಬಲಗಡೆ ಪೂರ್ತಿ ಸವೆದು ಬೋಳಾಗಿತ್ತು, ಒಂದು ಮೂಲೆಯಲ್ಲಿ ಕಬ್ಬಿಣ ಇಣುಕುತ್ತಿತ್ತು. ಮಣ್ಣೂ ಹೊಳಪೂ ಸೇರಿ ಅದನ್ನು ಮುಚ್ಚಿದ್ದವು. ಮರಳು ಕಾಗದದಲ್ಲಿ ಉಜ್ಜಿ ಒರಟು ಮಾಡೋಣವಾ, ಸೈಕಲ್ ಟ್ಯೂಬ್ ಸುತ್ತೋಣವಾ ಅಂತೆಲ್ಲ ಯೋಚನೆ ಬಂತು. ಟ್ಯೂಬ್ ಸುತ್ತಿದ ಪೆಡಲ್ ನಾವೂ ಎಷ್ಟೋ ನೋಡಿದ್ದೇವೆ. ಟ್ಯೂಬ್ ಸಡಿಲಾದರೆ ಕಾಲಿನ ಜೊತೆ ಅದೇ ತಿರುಗುತ್ತೆ. ಬಿಡಿಭಾಗದ ಅಂಗಡಿಯಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಸೇರಿ ನಾವು ಕೊಟ್ಟದ್ದು ನೂರಿಪ್ಪತ್ತು ರೂಪಾಯಿ. ಪಾಲಿಶ್ ಬಾಟಲಿಗೆ ಇನ್ನೂರರ ಮೇಲೆ ಕೊಟ್ಟಿದ್ದೆವು.

ಹೊಸ ರಬ್ಬರ್ ಕೂರಿಸೋಕೆ ಎಣ್ಣೆ, ಗ್ರೀಸ್ ಮುಟ್ಟಿಸಬಾರದು. ಸೋಪಿನ ನೀರು ಸವರಿದರೆ ಜಾರಿ ಕೂರುತ್ತೆ, ಆಮೇಲೆ ಒಣಗಿ ಬಿಗಿಯುತ್ತೆ. ರಬ್ಬರಿನ ತುಟಿ ಕಬ್ಬಿಣದ ತಟ್ಟೆಯ ನಾಲ್ಕೂ ಅಂಚನ್ನು ಹಿಂದಿನಿಂದ ಹಿಡಿದಿರಬೇಕು. ಬೆರಳಲ್ಲಿ ಎಳೆದು ನೋಡಿ, ಒಂದು ಮೂಲೆ ಬಿಟ್ಟಿದ್ದರೂ ಅದು ಕಾಲಿಗೆ ಸಿಕ್ಕಿ ಕಳಚಿಕೊಳ್ಳುತ್ತೆ. ಪೆಡಲ್ ಹತ್ತಿರ ಎಣ್ಣೆ ಪಸೆ ಮೇಲಿಂದ ಇಳಿದಿದ್ದರೆ ಅದು ಪಾಲಿಶ್ ಅಲ್ಲ, ಬ್ರೇಕ್ ಎಣ್ಣೆ ಸೋರುತ್ತಿರಬಹುದು. ಅದನ್ನು ಒರೆಸಿ ಸುಮ್ಮನಾಗುವಂತಿಲ್ಲ, ಗಾಡಿ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಯಬೇಕು.

ಟ್ರ್ಯಾಕ್ಟರ್ ಇರುವವರಿಗೂ ಒಂದು ಮಾತು. ಅದರ ಪೆಡಲ್ ಹೆಚ್ಚಾಗಿ ಕಬ್ಬಿಣದ್ದೇ, ಗದ್ದೆ ಕೆಸರು ಮೆತ್ತಿದರೆ ರಬ್ಬರಿಗಿಂತ ಹೆಚ್ಚು ಜಾರುತ್ತೆ. ಕೆಸರು ಪೆಡಲಿನ ಕೆಳಗೂ ಗಟ್ಟಿಯಾಗಿ ಕೂತರೆ ಬ್ರೇಕ್ ಪೂರ್ತಿ ಒತ್ತೋಕೇ ಆಗಲ್ಲ. ಹೊಲದಿಂದ ರಸ್ತೆಗೆ ಹತ್ತುವ ಮುಂಚೆ ಕೆದರಿ ತೆಗೆಯಿರಿ. ಹಾಗೇ ಎಡಬಲದ ಎರಡು ಬ್ರೇಕನ್ನು ಜೋಡಿಸುವ ಪಟ್ಟಿ ಹಾಕಿದ್ದೀರಾ ನೋಡಿಕೊಳ್ಳಿ. ಅದಿಲ್ಲದೆ ರಸ್ತೆಯಲ್ಲಿ ಒಂದೇ ಬ್ರೇಕ್ ಒತ್ತಿದರೆ ಟ್ರ್ಯಾಕ್ಟರ್ ಒಂದೇ ಕಡೆಗೆ ಎಳೆದು ಪಲ್ಟಿ ಹೊಡೆಯಬಹುದು.

ತೊಳೆದಾದ ಮೇಲೆ ಕಾಲಡಿಯ ಮ್ಯಾಟ್ ವಾಪಸ್ ಹಾಕುವಾಗಲೂ ಯೋಚನೆ ಬೇಕು. 2009ರ ಆಗಸ್ಟಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಲೆಕ್ಸಸ್ ಕಾರಿಗೆ ಬೇರೆ ಮಾದರಿಯ ದೊಡ್ಡ ರಬ್ಬರ್ ಮ್ಯಾಟ್ ಹಾಕಿದ್ದರು. ಆಕ್ಸಿಲರೇಟರ್ ಅದಕ್ಕೆ ಸಿಕ್ಕಿಕೊಂಡು ಮೇಲೆ ಬರಲೇ ಇಲ್ಲ. ಕಾರಿನಲ್ಲಿದ್ದ ನಾಲ್ವರೂ ಸತ್ತರು, ಓಡಿಸುತ್ತಿದ್ದವರು ಹೆದ್ದಾರಿ ಪೊಲೀಸ್ ಅಧಿಕಾರಿ. ಅದಾದ ಮೇಲೆ ಟೊಯೋಟ ಕಂಪನಿ ಅಲ್ಲಿ ಸುಮಾರು 38 ಲಕ್ಷ ಕಾರುಗಳನ್ನು ಮ್ಯಾಟಿನ ಕಾರಣಕ್ಕೆ ವಾಪಸ್ ಕರೆಸಿತು. ನಾವು ಓಮ್ನಿಯಲ್ಲಿ ಹಾಕಿದ್ದದ್ದು ಮನೆಯ ಬಾಗಿಲಲ್ಲಿದ್ದ ಕಾಲೊರಸು. ಅದನ್ನು ಎತ್ತಿ ಬಾಗಿಲಿಗೇ ಹಾಕಿದೆವು. ಸೀಟಿನ ಕೆಳಗೆ ಉರುಳಾಡುತ್ತಿದ್ದ ನೀರಿನ ಬಾಟಲಿಯನ್ನೂ ತೆಗೆದೆವು, ಅದು ಬ್ರೇಕಿನ ಕೆಳಗೆ ಹೋಗಿ ಕೂತರೆ ರಬ್ಬರ್ ಎಷ್ಟು ಹೊಸದಾಗಿದ್ದರೂ ಅಷ್ಟೇ.

ಎಲ್ಲ ಒಣಗಿದ ಮೇಲೆ, ಒಬ್ಬಳು ಹಿಂದೆ ನಿಂತು ಬ್ರೇಕ್ ಲೈಟ್ ಹತ್ತುತ್ತಾ ನೋಡಿದಳು. ಖಾಲಿ ಕಣದಲ್ಲಿ ನಡಿಗೆಯ ವೇಗದಲ್ಲಿ ಓಡಿಸಿ, ನಾಲ್ಕೈದು ಸಲ ನಿಲ್ಲಿಸಿ ನೋಡಿ, ಆಮೇಲೆ ರಸ್ತೆಗಿಳಿಸಿದೆವು.

ಮೂರು ದಿನ ಬಿಟ್ಟು ಅಜ್ಜಿಯ ಮನೆಗೆ ಹೋದೆವು. ಹೋಗಬೇಕೋ ಬೇಡವೋ ಅಂತ ನಮ್ಮೊಳಗೇ ಜಗಳ ಆಗಿತ್ತು. ಅವರಿಗೇನೂ ಆಗಿಲ್ಲವಲ್ಲ, ಮತ್ತೆ ಯಾಕೆ ಕೆದಕೋದು ಅಂದ ಒಬ್ಬ. ಬೇರೆಯವರ ತಪ್ಪಾಗಿದ್ದರೆ ನಾವು ಅರ್ಧ ಪುಟ ಬರೆಯುತ್ತಿದ್ದೆವು ಅಂದಳು ಇನ್ನೊಬ್ಬಳು. ಅಜ್ಜಿ ಜಗಲಿ ಮೇಲೆ ಕಾಯಿ ಸುಲಿಸುತ್ತಾ ಕೂತಿದ್ದರು. ಬ್ರೇಕ್ ಫೇಲ್ ಆಗಿರಲಿಲ್ಲ ಅಜ್ಜಿ, ನಾವೇ ಹೊಳೀಲಿ ಅಂತ ಪಾಲಿಶ್ ಹಚ್ಚಿದ್ವಿ, ಕಾಲು ಜಾರಿತು ಅಂತ ಹೇಳಿದೆವು.

ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಕಾಲಡೀಲಿ ಇರೋದು ಹೊಳುದ್ರೆ ಯಾರು ನೋಡ್ತಾರ್ರೋ?" ಅಂದರು. ನಮ್ಮ ಸ್ಟೇಟಸ್ಸಿನ ವಿಷಯ ಹೇಳೋಕೆ ಹೋಗಲಿಲ್ಲ.

"ತೊಳುದ್ರಾ?"

"ತೊಳೆದ್ವಿ ಅಜ್ಜಿ, ನಾಲ್ಕು ಸಲ."

"ಇನ್ನೊಂದ್ಸಲ ತೊಳೀರಿ." ಪಕ್ಕದ ರಾಶಿಯಿಂದ ಒಂದು ಹಿಡಿ ಗುಂಜು ಕಿತ್ತು ಕೊಟ್ಟರು. ಮೊಮ್ಮಗಳನ್ನು ಕರೆದು ಕಾಫಿ ಇಡು ಅಂದರು.

ದೃಷ್ಟಿ ಆಗಿದೆ ಅಂದಿದ್ದ ಅಮ್ಮನಿಗೂ ಹೇಳಿದೆವು. ಅವರು ಪೂರ್ತಿ ಒಪ್ಪಿಲ್ಲ, ಮುಂದಿನ ವರ್ಷ ಕುಂಬಳಕಾಯಿ ತಾವೇ ಒಡೆಯುತ್ತಾರಂತೆ. ಹೊಸ ರಬ್ಬರಿನ ಗೀರುಗಳಲ್ಲಿ ಆಗಲೇ ಕೆಮ್ಮಣ್ಣು ಸೇರಿದೆ. ಈ ಭಾನುವಾರ ತೊಳೆಯುವ ಸರದಿ ಓಡಿಸುತ್ತಿದ್ದವನದು.